ಖುರ್ಷೀದ್ ಚಾಚಿ ಆರಿಸಿದ ಒಲೆ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು, ಓದುವವರು ಮನ್ನಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು, ಮಾನ್ವಿಯ ಖುರ್ಷೀದ್ ಚಾಚಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತೇನೆ. ಚಾಚಿಯ ಬಗ್ಗೆ ತಪ್ಪು ಬರೆಯಬಾರದೆಂದು ಇದನ್ನು ಹರಿದು ಮತ್ತೆ ಬರೆದಿದ್ದೇನೆ.

ಚಾಚಿ ದೇವದುರ್ಗದವರು. ಮದುವೆಯಾಗಿ ಮುಂಬೈ ಹತ್ತಿರದ ಠಾಣೆ ಊರಿಗೆ ಹೋದರು. ಅಲ್ಲಿ ಗಂಡ ಕಟ್ಟಡದಿಂದ ಬಿದ್ದು ತೀರಿಕೊಂಡಾಗ ನಮ್ಮ ಕಡೆಯವರು ಯಾರೂ ಹತ್ತಿರ ಇರಲಿಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಉಣ್ಣಿಸಬೇಕು. ಪಕ್ಕದ ಖೋಲಿಯ ರಿಬ್ಕಾಬಾಯಿ ಎಂಬ ಮುದುಕಿ ಮೂರು ದಿನವೂ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ತಂದು ಎದುರು ಕೂತು ಉಣ್ಣಿಸಿದರು. ಅವರು ಯಹೂದಿ. ಸಾವಿನ ಮನೆಗೆ ಊಟ ಒಯ್ಯುವುದು ಅವರಲ್ಲೂ ರೂಢಿಯಂತೆ. ಆಮೇಲೆ ಚಾಚಿ ಮಾನ್ವಿಗೆ ಬಂದು ರೊಟ್ಟಿ ಮಾಡಿ ಮಾರತೊಡಗಿದರು.

ನಿನ್ನೆ ಅಲ್ಲಿ ನಾವು ಕೆಲಸದ ಹೆಂಗಸರು ಹಿಟ್ಟು ನಾದುತ್ತಿದ್ದಾಗ ನನ್ನ ಅಣ್ಣ ಮುಕರ್ರಂ ಬಂದ. ನಮ್ಮ ರೊಟ್ಟಿಯನ್ನು ಬಸ್ಸಿನಲ್ಲಿ ರಾಯಚೂರಿನ ಖಾನಾವಳಿಗೆ ಒಯ್ಯುವವನು ಅವನೇ. ಮೊಬೈಲಿನಲ್ಲಿ ಸುದ್ದಿ ತೋರಿಸಿದ. ದೂರದ ದೇಶದಲ್ಲಿ ಯಾರೋ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ನುಗ್ಗಿ ಗುಂಡು ಹಾರಿಸಿದ್ದರು. ಸತ್ತವರಲ್ಲಿ ಮುದುಕರೇ ಹೆಚ್ಚು.

"ನೋಡ್ರಿ ಚಾಚಿ, ಸರಿಯಾಗಿ ಕೊಟ್ಟಾರ," ಎಂದು ನಕ್ಕ.

"ಸಾಯ್ಲಿ ಬಿಡಪ್ಪಾ, ಅವರೇನು ನಮ್ಮ ಬೀಗರೇನು?" ಎಂದರು ಬಸವಂತಮ್ಮ, ರೊಟ್ಟಿ ತಿರುವುತ್ತ. ಎಲ್ಲರೂ ನಕ್ಕರು.

ಚಾಚಿ ನಗಲಿಲ್ಲ. "ಇವರು ನಿನಗೇನ್ ಮಾಡಿದ್ರು?"

"ಅಲ್ಲಿ ಯುದ್ಧದಾಗ ನಮ್ಮ ಕೂಸುಗಳು ಸಾಯಾಕತ್ತಾವು. ಅದು ನಿಮಗ ಕಾಣಂಗಿಲ್ಲೇನ್ರಿ?"

"ಕಾಣ್ತದ. ಅವಕ್ಕೂ ಅತ್ತೀನಿ. ದೇವರ ಮುಂದ ಕುಂತಿದ್ದ ಈ ಮುದುಕರು ಯಾವ ಕೂಸನ್ನ ಕೊಂದ್ರು, ಹೇಳು."

"ಯಹೂದಿಗಳೆಲ್ಲಾ ಒಂದೇ."

"ಹಂಗಾದ್ರ ರಿಬ್ಕಾಬಾಯಿನೂ ಅದರಾಗ ಬಂದ್ಲು."

ಚಾಚಿ ಎದ್ದು ಒಲೆಗೆ ನೀರು ಸುರಿದರು. ಕೋಣೆಯ ತುಂಬ ಹೊಗೆ.

"ಇದು ಸಾವಿನ ಮನಿ. ಮೂರು ದಿನ ಒಲಿ ಹತ್ತಂಗಿಲ್ಲ."

"ಖಾನಾವಳಿಯವರಿಗೆ ಏನ್ ಹೇಳ್ಲಿ?"

"ಇದನ್ನ ಹೇಳು."

ಹೆಂಗಸರು ಕೈ ತೊಳೆದು ಗೊಣಗುತ್ತ ಹೋದರು. ಖಾನಾವಳಿಯ ವಿರೂಪಣ್ಣ, ಇನ್ನು ಮುಂದೆ ರೊಟ್ಟಿ ಬೇಡ ಎಂದು ಸಂಜೆಯೇ ಫೋನ್ ಮಾಡಿದರು. ಅಣ್ಣ ಓಣಿಗೆಲ್ಲ ಸುದ್ದಿ ಮುಟ್ಟಿಸಿದ. ಇವತ್ತು ಚಾಚಿ ನಳದ ಹತ್ತಿರ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ಕೊಡ ಎತ್ತಿಕೊಂಡರು.

ಒಲೆ ಆರಿದ ಮನೆಗೆ ನಮ್ಮ ಓಣಿಯವರು ತಾಟು ಒಯ್ಯದೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನ ಚಾಚಿಯ ಮನೆಯ ಕಿಟಕಿಯಿಂದ ಇಣುಕಿದೆ. ಚಾಚಿ ಒಬ್ಬರೇ ಕೂತು ಒಣ ಚುರುಮುರಿ ತಿನ್ನುತ್ತಿದ್ದರು. ನಾನು ಕರೆಯದೆ ಮನೆಗೆ ವಾಪಸು ಬಂದೆ.

"ಆ ಹೊಸ್ತಿಲ ದಾಟಿದ್ರ ಈ ಮನಿಗೆ ಬರಬ್ಯಾಡ, ಯಾಸ್ಮೀನ್," ಎಂದಿದ್ದಾನೆ ಅಣ್ಣ.

ನಾಳೆ ಬೆಳಿಗ್ಗೆ ನಾನು ರೊಟ್ಟಿ, ಪುಂಡಿಪಲ್ಯ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಚಾಚಿಯ ಮನೆಗೆ ಹೋಗುತ್ತೇನೆ.