ಗಟಾರದ ಮಾತು ಎಲ್ಲೂ ಬರೆದಿರಲಿಲ್ಲ

ದಾನೇಶ್ವರಿ ಧಾರವಾಡದಲ್ಲಿ ಸಮಾಜಕಾರ್ಯ ಓದಿ ಹುನಗುಂದದ ಮನೆಗೆ ಮರಳಿದ ವರ್ಷವೇ ಇಳಕಲ್ಲಿನಲ್ಲಿ ನೇಕಾರರ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಸೇರಿದಳು. ಅದು ೨೦೦೩ರ ಮಾತು. ನೇಕಾರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕಲು ಎಲ್ಲರಿಗೂ ಸೇರಿದ ಒಂದು ಶೆಡ್ಡು ಕಟ್ಟಬೇಕಿತ್ತು. ಹಿಂದೆಂದೂ ಇಂಥ ಯೋಜನೆ ನಡೆಸಿರದ ಅವಳಿಗೇ ಅದರ ಪೂರ್ತಿ ಹೊಣೆ ಬಂತು. “ಮೊದಲಿಂದ ಎಲ್ಲಾ ಬರದಿಡವಾ” ಎಂದಷ್ಟೇ ಕಾರ್ಯದರ್ಶಿ ಶಿವಪ್ರಕಾಶ ಹೇಳಿದರು. ಏನು ಬರೆಯಬೇಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

ಬರೆಯುವುದೇನೋ ಬರೆದಳು. ಸೀರೆಯ ಇತಿಹಾಸ, ನೇಕಾರರ ಕಷ್ಟ, ಯೋಜನೆಯ ಉದ್ದೇಶ ಎಲ್ಲವನ್ನೂ ಟೈಪ್ ಮಾಡಿಸಿ, ಫೋಟೊ ಅಂಟಿಸಿ ಫೈಲು ತುಂಬಿಸಿದಳು. ನೋಡಿದವರೆಲ್ಲ ಹೊಗಳಿದರು. ಸಭೆಗಳು ಓಣಿಯ ಹಿರಿಯ ನೇಕಾರ, ಸಮಿತಿಯ ಅಧ್ಯಕ್ಷ ಅಮಾತೆಪ್ಪನವರ ಪಡಸಾಲೆಯಲ್ಲಿ ಆಗುತ್ತಿದ್ದವು. ಚಹಾ ಕುಡಿಯುತ್ತ ಎಲ್ಲರೂ ತಲೆಯಾಡಿಸಿದರೆ ಮಾತು ಮುಗಿಯಿತೆಂದೇ ಅವಳ ಲೆಕ್ಕ. ‘ಸಭೆ ಯಶಸ್ವಿಯಾಯಿತು’ ಎಂದು ಬರೆದು ಎದ್ದು ಬರುತ್ತಿದ್ದಳು.

ಗೋಡೆ ಎದ್ದ ಮೇಲೆ ಗೌಂಡಿ ಚಂದಪ್ಪ ಗಟಾರ ಅಗೆಯತೊಡಗಿದ. ಪಕ್ಕದ ಮನೆಯ ಕಾಸಿಂಬಿ ಬಂದು ಆ ತಗ್ಗಿನಲ್ಲೇ ನಿಂತು ದಾನೇಶ್ವರಿಯ ಮೇಲೆ ಹರಿಹಾಯ್ದಳು.

“ಬಣ್ಣದ ನೀರು ನನ್ನ ಬಾಗಲಾ ಮುಂದ ಹರಿಯಾಕ ಬಿಡೂದಿಲ್ಲ. ಹಿಂದಿನಿಂದ ತಗೀತೇವಿ ಅಂತ ನೀನ ಹೇಳಿದ್ದಿ.”

“ಮುಂದ ತಗಿ ಅಂದವರೂ ನೀವ ಅಲ್ರಿ ಅಕ್ಕಾರ” ಎಂದು ಚಂದಪ್ಪನೂ ಅವಳತ್ತಲೇ ತಿರುಗಿದ.

ದಾನೇಶ್ವರಿಗೆ ಎರಡೂ ಮಾತು ಆಡಿದಂತೆ ನೆನಪು. ಯಾವುದು ಮೊದಲು, ಯಾಕೆ ಬದಲಾಯಿತು ಎಂಬುದು ಹೊಳೆಯಲಿಲ್ಲ. ಅಮಾತೆಪ್ಪನವರನ್ನು ಕೇಳಿದರೆ, “ಹಿಂದ ನಮ್ಮ ಜಾಗಾ ಐತಿ. ಅಲ್ಲಿ ಗಟಾರ ತಗೀರಿ ಅಂತ ನಾ ಯಾವಾಗ ಹೂಂ ಅಂದೇನಿ?” ಎಂದರು. ಅವರು ತಲೆಯಾಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಯಾವ ಮಾತಿಗೆ? ಅಲ್ಲೇ ನಿಂತು ಫೈಲು ತಿರುವಿದಳು. ಗಟಾರದ ಹೆಸರೇ ಇರಲಿಲ್ಲ.

ಕೆಲಸ ನಿಂತಿತು. ಮಳೆ ಹಿಡಿಯಿತು. ಅಗೆದ ತಗ್ಗು ತುಂಬಿ ಓಣಿಯವರ ಬೈಗುಳವೆಲ್ಲ ಅವಳ ಪಾಲಾಯಿತು.

“ಇಷ್ಟು ದಪ್ಪ ಫೈಲು ಮಾಡೀದಿ. ಯಾರು ಯಾವುದಕ್ಕ ಒಪ್ಪಿದ್ರು ಅಂತ ಒಂದು ಸಾಲೂ ಇಲ್ಲ” ಎಂದರು ಶಿವಪ್ರಕಾಶ.

“ಹಂಗ ಬರೀಬೇಕಂತ ನೀವಾದರೂ ಹೇಳಬೇಕಿತ್ತಲ್ರಿ ಸರ್” ಎಂದಳು.

ಮಳೆ ಬಿಟ್ಟ ಮೇಲೆ ಕಾಸಿಂಬಿ, ಚಂದಪ್ಪ, ಅಮಾತೆಪ್ಪ ಮೂವರನ್ನೂ ಅದೇ ಜಾಗದಲ್ಲಿ ನಿಲ್ಲಿಸಿ ಮಾತಾಡಿಸಿದಳು. ಅವರು ಆಡಿದ್ದನ್ನು ಆಡಿದಂತೆಯೇ ಬರೆದು, ಗಟ್ಟಿಯಾಗಿ ಓದಿದಳು. ಕಾಸಿಂಬಿ ಎರಡು ಸಲ ತಿದ್ದಿಸಿದಳು. ಜಗಳ ಬಹಳ ಹೊತ್ತು ನಡೆದು, ಮೇಲೆ ಕಲ್ಲು ಹಾಸಿ ಮುಚ್ಚುವುದಾದರೆ ತಮ್ಮ ಜಾಗದ ಅಂಚಿನಲ್ಲಿ ಗಟಾರ ಹೋಗಲಿ ಎಂದು ಅಮಾತೆಪ್ಪ ಒಪ್ಪಿದರು. ಸಹಿಗೆ ಕಾಗದ ಚಾಚಿದಾಗ ಮಾತ್ರ ಅವರ ಮುಖ ಬಿಗಿಯಿತು.

“ಇಷ್ಟು ವರ್ಷ ಈ ಓಣ್ಯಾಗ ನನ್ನ ಮಾತು ಸಾಕಾಗತಿತ್ತು.”

“ನಿಮ್ಮ ಮ್ಯಾಲ ಸಂಶಯ ಇಲ್ರಿ ಕಾಕಾ. ನನ್ನ ನೆನಪಿನ ಮ್ಯಾಲ ನನಗ ಭರೋಸಾ ಇಲ್ಲ.”

ಸಹಿ ಹಾಕಿದರು, ಆದರೆ ಮತ್ತೆ ಸಭೆಗೆ ಬರಲಿಲ್ಲ. ಶೆಡ್ಡು ಶುರುವಾದ ದಿನ ಕರೆಯಲು ಹೋದರೆ, ಅವರ ಹೆಂಡತಿ ಗುರುಲಿಂಗವ್ವ ಚಹಾ ಕೊಟ್ಟು ಕೂಡಿಸಿದಳು. ಒಳಗೆ ಅಮಾತೆಪ್ಪನವರ ಮಗ್ಗದ ಸದ್ದು ನಿಲ್ಲಲೇ ಇಲ್ಲ. ಮೊದಲ ಸಭೆಯಲ್ಲೇ ಸಹಿ ಕೇಳಿದ್ದರೆ ಅವರು ನಗುತ್ತ ಹಾಕುತ್ತಿದ್ದರು ಎಂದು ಹಳಹಳಿಸುತ್ತ ಅವಳು ಎದ್ದು ಬಂದಳು.

ಮುಂದಿನ ವರ್ಷ ಕಮತಗಿಯಲ್ಲಿ ಇನ್ನೊಂದು ಕೆಲಸ ಬಂತು. ಅಲ್ಲಿ ಪ್ರತಿ ಮಾತಿಗೂ ತಡೆದು, “ಇನ್ನೊಮ್ಮೆ ಹೇಳ್ರಿ, ಬರಕೋತೇನಿ” ಎನ್ನುತ್ತಿದ್ದಳು.

“ಭಾಳ ನಿಧಾನ ಮಾಡ್ತೀರಿ ಬಾಯಾರ” ಎಂದು ಅಲ್ಲಿನ ನೇಕಾರ ಯಾಕೂಬಸಾಬ ಗಡಿಯಾರ ನೋಡಿದ.

“ಖರೆ ಐತ್ರಿ” ಎಂದು ಒಪ್ಪಿ, ಬರೆದದ್ದನ್ನು ಮೊದಲಿನಿಂದ ಓದತೊಡಗಿದಳು.