ಅಲ್ಲವ್ವ ಸುತ್ತಿದ ನಾರು

ಕಲ್ಲೋಳಿಯ ಅಲ್ಲವ್ವ ಹಗ್ಗ ಹೊಸೆಯುವವಳು. ಪುಂಡಿ ಗಿಡದ ಕಟ್ಟುಗಳನ್ನು ಹಳ್ಳದಲ್ಲಿ ನೆನೆಹಾಕಿ, ಸಿಪ್ಪೆ ಸಡಿಲಾದ ಮೇಲೆ ನಾರು ಸುಲಿಯುತ್ತಿದ್ದಳು. ಯಾವ ನಾರು ಎಷ್ಟು ಎಳೆದರೆ ತಾಳುತ್ತದೆ, ಎಷ್ಟಕ್ಕೆ ಹರಿಯುತ್ತದೆ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಆ ಬೆರಳುಗಳಿಂದಾಗಿಯೇ ಇನ್ನೊಂದು ಕೆಲಸವೂ ಅವಳ ಪಾಲಿಗೆ ಬಂತು.

ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಬೇಸಿಗೆ ಬಂತೆಂದರೆ ಊರಲ್ಲಿ ನಾಲ್ಕಾರು ಮಂದಿಯಾದರೂ ಕಾಲು ಹಿಡಿದುಕೊಂಡು ಕೂರುತ್ತಿದ್ದರು. ಪಾದದಲ್ಲಿ ಬೊಕ್ಕೆ ಎದ್ದು, ಕೆಂಡ ಇಟ್ಟಂತೆ ಉರಿದು, ಒಡೆದ ಮೇಲೆ ಬಿಳಿಯ ಎಳೆಯೊಂದು ಹೊರಗೆ ಇಣುಕುತ್ತಿತ್ತು. ನೋಡಲು ಥೇಟು ಪುಂಡಿಯ ನಾರು. ಹೀಗಾಗಿ ಜಡ್ಡಿನ ಹೆಸರೂ ನಾರು. ದುಡಿದು ದಣಿದ ಮೈಯ ಎಳೆಯೇ ಒಣಗಿ ಹೊರಬೀಳುತ್ತದೆಂದು ಎಲ್ಲರೂ ನಂಬಿದ್ದರು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಒಳಗೆ ಕೀವಾಗಿ, ಕಾಲು ಸೆಟೆದು, ಜನ್ಮವಿಡೀ ಕುಂಟಬೇಕು. ಇಪ್ಪತ್ತು ವರ್ಷದಲ್ಲಿ ಅಲ್ಲವ್ವನ ಕೈಯಲ್ಲಿ ಒಂದೂ ಹರಿದಿರಲಿಲ್ಲ. ನಾರು ನೆನೆಯದೆ ಬಿಡುವುದಿಲ್ಲ ಎಂಬುದು ಅವಳ ಕಸುಬಿನ ಲೆಕ್ಕಾಚಾರ. ಅದಕ್ಕೇ ಬಂದವರನ್ನೆಲ್ಲ ಮೆಟ್ಟಿಲ ಬಾವಿಯ ಕೊನೆಯ ಮೆಟ್ಟಿಲಲ್ಲಿ ಕೂರಿಸಿ, ಕಾಲು ನೀರಿಗೆ ಇಳಿಬಿಡಿಸುತ್ತಿದ್ದಳು. ಉರಿ ತಣಿಯುತ್ತಿತ್ತು, ನಾರು ಸಡಿಲಾಗುತ್ತಿತ್ತು. ಕಣ್ಣಾರೆ ಕಂಡ ಮೇಲೆ ಯಾರು ತಾನೇ ಅನುಮಾನಪಡುತ್ತಾರೆ, ಹೇಳಿ?

ಒಂದು ಬೇಸಿಗೆ ಸೊಸೆ ಶಿವವ್ವನಿಗೇ ನಾರು ಬಂತು. ಏಳು ತಿಂಗಳ ಬಸುರಿ, ಬಾವಿ ಇಳಿಸುವ ಹಾಗಿರಲಿಲ್ಲ. ಅಲ್ಲವ್ವ ಮನೆಯಲ್ಲೇ ಬೋಗುಣಿಯ ನೀರಿನಲ್ಲಿ ಅವಳ ಪಾದ ಇಡಿಸಿದಳು.

"ಕೂಸು ಹೊತ್ಕೊಂಡು ಕುಂಟೋದು ನನ್ನ ಹಣ್ಯಾಗ ಬರದೈತೇನ್ರಿ ಅತ್ತಿ?"

"ಯಾರಿಗೂ ಹರೀದ ಕೈ ನಿನಗ ಹರೀತೈತೇನ? ಸುಮ್ಮ ಕುಂದ್ರು."

ಅದೇ ದಿನ ಸಿಡುಬು ಬಾರದಂತೆ ದೇವಿ ಹಾಕಲು ಘಟಪ್ರಭಾ ಕಡೆಯಿಂದ ಡಾಕ್ಟರೊಬ್ಬರು ಊರಿಗೆ ಬಂದಿದ್ದರು. ಮನೆಗೆ ಬಂದು ಶಿವವ್ವನ ಕಾಲು ನೋಡಿದವರೇ ಬೋಗುಣಿಯಿಂದ ಒಂದು ಹನಿ ಎತ್ತಿ ಗಾಜಿನ ಮೇಲಿಟ್ಟು, ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದರು. "ಒಂದು ಕಣ್ಣು ಮುಚ್ಚಿ ನೋಡವಾ."

ಆ ಒಂದು ಹನಿಯಲ್ಲಿ ಊರಿಗೆ ಊರೇ ಇತ್ತು. ಕೂದಲಿಗಿಂತ ಸಣ್ಣವು, ನೂರಾರು, ಬಾಲ ಬಡಿಯುತ್ತ, ಸುರುಳಿ ಸುತ್ತಿ ಬಿಚ್ಚುತ್ತ ಓಡಾಡುತ್ತಿದ್ದವು. ಅಲ್ಲವ್ವ ಇನ್ನಷ್ಟು ಬಗ್ಗಿ ನೋಡಿದಳು.

"ಏನ್ರಿ ಇವು, ಸಾಹೇಬ್ರ?"

"ಆ ನಾರಿನ ಮರಿ. ಅದು ಮೈಯಾಗಿನ ಎಳಿ ಅಲ್ಲವಾ, ಹೆಣ್ಣು ಹುಳ. ನೀರು ತಾಗಿದ ಕೂಡಲೇ ಮರಿ ಹಾಕ್ತೈತಿ."

"ಮತ್ತ ಹೆಸರು ನಾರು ಅಂತ ಐತೆಲ್ಲರಿ?"

"ಕಂಡಂಗ ಹೆಸರಿಟ್ಟಾರ. ಅರಬರು ಮದೀನಾದ ನರ ಅಂದ್ರು. ನಮ್ಮ ಪುಸ್ತಕದಾಗ ಸಣ್ಣ ಸರ್ಪ ಅಂತ ಐತಿ. ಸಾವಿರಾರು ವರ್ಷದಿಂದ ಎಲ್ಲಾರೂ ನಿನ್ನಂಗ ಕಡ್ಡಿಗಿ ಸುತ್ತೇ ತಗೀತಾರ."

ರೈಲು ಸಹ ಹತ್ತದವಳು ಅಲ್ಲವ್ವ. ಹೆಸರೂ ಗೊತ್ತಿಲ್ಲದ ದೇಶಗಳಲ್ಲಿ ತನ್ನಂಥ ಹೆಂಗಸರು ಇದೇ ಕಡ್ಡಿ ಹಿಡಿದು ಕೂತಿದ್ದರು ಎಂಬುದು ಅವಳ ತಲೆಯಲ್ಲಿ ಹಿಡಿಯಲಿಲ್ಲ.

"ಈ ಮರಿ ಎಲ್ಲಿಗಿ ಹೋಗ್ತಾವ್ರಿ?"

"ನೀರಾಗಿನ ಸಣ್ಣ ಹುಳದ ಹೊಟ್ಟಿಗಿ. ಆ ನೀರು ಕುಡದವ್ರಿಗೆ ಒಂದು ವರ್ಷದ ಮ್ಯಾಲೆ ಕಾಲಾಗ ಬರ್ತೈತಿ. ಅರಿವಿಲೆ ಸೋಸಿ ಕುಡೀರಿ, ನಾರಿನ ಕಾಲು ಬಾವ್ಯಾಗ ಇಡಬ್ಯಾಡ್ರಿ."

ಹೋದ ಬೇಸಿಗೆ ನಾರು ತೆಗೆಸಿಕೊಂಡ ಮಾಳಪ್ಪನ ಕಾಲು ಅಲ್ಲವ್ವನ ಕಣ್ಣ ಮುಂದೆ ಬಂತು. ಅದನ್ನು ತಾನೇ ಹಿಡಿದು ಬಾವಿಗೆ ಇಳಿಬಿಟ್ಟಿದ್ದಳು. ಶಿವವ್ವ ಅಲ್ಲಿಂದಲೇ ಕೊಡ ತುಂಬಿ ತರುತ್ತಿದ್ದಳು. ಇಪ್ಪತ್ತು ವರ್ಷ ಒಂದು ಕಾಲಿನಿಂದ ತೆಗೆದದ್ದನ್ನು ಹತ್ತು ಕಾಲಿಗೆ ಹಂಚಿದ್ದಳು.

"ಶಿವವ್ವಾ, ಇದನ್ನ ನಿನ್ನ ಕಾಲಿಗಿ ಹಾಕಿದಾಕಿ ನಾನವಾ."

ಶಿವವ್ವ ಅತ್ತೆಯ ಕೈ ಎಳೆದು ತನ್ನ ಪಾದದ ಮೇಲಿಟ್ಟುಕೊಂಡಳು. "ಹಾಕಿದ ಕೈಯೇ ತಗೀಲಿ ಬಿಡ್ರಿ."

ಇಪ್ಪತ್ತೆರಡು ದಿನ ಹಿಡಿಯಿತು. ಪೂರ್ತಿ ಮೊಳದುದ್ದದ ನಾರು ಹರಿಯದೆ ಬಂತು. ಅಲ್ಲವ್ವ ಅದನ್ನು ಒಲೆಗೆ ಹಾಕಿದಳು. ಮರುದಿನದಿಂದ ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತು, ಉರಿಯುವ ಕಾಲಿನವರನ್ನು ಇಳಿಯಗೊಡಲಿಲ್ಲ. ಮುದುಕಿಗೆ ತಲೆ ಕೆಟ್ಟಿದೆ ಎಂದು ಮಾಳಪ್ಪನೇ ಮೊದಲು ನಕ್ಕ.

ಮುಂದಿನ ಬೇಸಿಗೆ ಅಲ್ಲವ್ವನ ಪಾದಕ್ಕೇ ನಾರು ಬಂತು. ಬಾವಿಯ ನೀರು ಎಂಟು ಮೆಟ್ಟಿಲು ಕೆಳಗಿತ್ತು, ಕಾಲಿಟ್ಟರೆ ಉರಿ ಆ ಕ್ಷಣವೇ ಆರುತ್ತಿತ್ತು. ಅವಳು ಮೇಲಿನ ಮೆಟ್ಟಿಲಲ್ಲೇ ಕೂತಳು. ಹಲ್ಲು ಕಚ್ಚಿ, ನೀರು ತಾಗಿಸದ ಕಾಲಿನ ನಾರನ್ನು ಕಡ್ಡಿಗೆ ಸುತ್ತತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೀರಿಗೆ ಬಂದ ಮಂದಿಯೆಲ್ಲ ನಿಂತು ನೋಡಿದರು. ಒಬ್ಬರೂ ನಗಲಿಲ್ಲ.

ಶಿವವ್ವ ಕೂಸನ್ನು ಅತ್ತೆಯ ಮಡಿಲಿಗೆ ಕೊಟ್ಟು, ನೆಟ್ಟಗೆ ಎರಡೂ ಕಾಲಲ್ಲಿ ಬಾವಿ ಇಳಿದಳು. ಕೊಡದ ಬಾಯಿಗೆ ಎರಡು ಪದರು ಅರಿವೆ ಕಟ್ಟಿ ನೀರು ತುಂಬಿದಳು. ಅವಳ ಹಿಂದೆ ಇಳಿದ ಮಾಳಪ್ಪ ತಲೆಯ ಪಟಗ ಬಿಚ್ಚಿ ತನ್ನ ಕೊಡದ ಬಾಯಿಗೆ ಹಾಸಿದ.