ದೋಣಿ ಹೊರಗೆ ಇರುವಾಗ

ಐವತ್ತರ ದಶಕದ ಕೊನೆಯಲ್ಲಿ ನಾನು ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ, ಬಂದರಿನಲ್ಲಿಳಿದು ಕಾಲೇಜಿಗೆ ಹೋಗುತ್ತಿದ್ದೆ. ಪಠ್ಯಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಇತ್ತು. ಅದರಲ್ಲಿ ಯಾರೂ ಸುಮ್ಮನೆ ಸಾಯುತ್ತಿರಲಿಲ್ಲ. ಮೊದಲು ಮಂಜು ಕವಿಯಬೇಕು, ನಾಯಿ ಊಳಿಡಬೇಕು, ದೀಪ ಆರಬೇಕು.

"ಇದೆಲ್ಲ ಮುನ್ಸೂಚನೆ. ಪುಟದಲ್ಲಿ ಆಕಾಶ ಕಪ್ಪಾಯ್ತಾ, ಯಾರದೋ ಮನೆಗೆ ಕೇಡು ಉಂಟು ಅಂತ ತಿಳ್ಕೊಳ್ಳಿ," ಎನ್ನುತ್ತಿದ್ದರು ಮೇಷ್ಟ್ರು. ನನಗೆ ಅದರ ಹುಚ್ಚೇ ಹಿಡಿಯಿತು. ಹೊಳೆಯ ಮೇಲೆ ಮೋಡ ಕಂಡರೂ ಅರ್ಥ ಹುಡುಕುತ್ತಿದ್ದೆ.

ಸಂಜೆ ಒಣಮೀನು ಆಯುತ್ತ ಕೂತ ಅಜ್ಜಿಗೆ ಆ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅಜ್ಜಿ ನಗುತ್ತಿದ್ದರು.

"ಗಾಳಿಗೆ ನಮ್ಮ ಮನೆ ಸುದ್ದಿ ಎಂತಕ್ಕೆ ಮಾರಾಯ್ತಿ? ಬರೆದವ ಕಡಲಿಗೆ ಹೋದವನಲ್ಲ."

ಕಥೆಯ ಹಡಗು ಬಿರುಗಾಳಿಗೆ ಸಿಕ್ಕಿದ ಭಾಗಕ್ಕೆ ಬಂದಾಗ ಅಪ್ಪ ಮೀನಿಗೆ ಹೋಗಿದ್ದರು. ಅಜ್ಜಿಯ ನಗು ನಿಂತಿತು.

"ಸಾಕು. ದೋಣಿ ಹೊರಗೆ ಇರುವಾಗ ಮುಳುಗುವ ಮಾತು ಆಡ್ಬಾರ್ದು. ನಿನ್ನಪ್ಪ ಬರ್ಲಿ, ಮತ್ತೆ ಹೇಳು."

ನಮ್ಮ ಮನೆಗಳಲ್ಲಿ ಇದು ಕಟ್ಟುನಿಟ್ಟು. ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದೂ ಇಲ್ಲ. ನಾನು ಪುಸ್ತಕ ಮುಚ್ಚಿದೆ.

ಆಕಾಶ ತೊಳೆದಿಟ್ಟ ಬಟ್ಟಲಿನಂತೆ ಇತ್ತು. ಗಾಳಿ ಇಲ್ಲ, ಒಂದು ನಾಯಿಯೂ ಬೊಗಳಲಿಲ್ಲ. ಮೇಷ್ಟ್ರ ಪಾಠದ ಪ್ರಕಾರ ಹೆದರುವಂಥದ್ದು ಏನೂ ಇರಲಿಲ್ಲ. ಉಳಿದ ದೋಣಿಗಳೆಲ್ಲ ಬಂದವು. ಅಪ್ಪನದು ಬರಲಿಲ್ಲ. ಮರುದಿನವೂ ಅದೇ ಬಿಸಿಲು, ಅದೇ ನೀಲಿ. ಆ ಆಕಾಶದ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅಮ್ಮ ಬೆಳಿಗ್ಗೆ ಎಂದಿನಂತೆ ಕುಂಕುಮ ಇಡುತ್ತಿದ್ದಳು. ಅಜ್ಜಿ ಅಪ್ಪನ ಬಟ್ಟಲಿಗೆ ಗಂಜಿ ಬಡಿಸಿ ಮುಚ್ಚಿಡುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೂ ನಾನು ಆ ಪುಟದಿಂದ ಮುಂದೆ ಓದಲಿಲ್ಲ. ಓದಿದರೆ ನಾನೇ ಅಪ್ಪನನ್ನು ಮುಳುಗಿಸಿದಂತೆ ಎಂದು ಭಯ.

ಮಳೆಗಾಲ ಶುರುವಾಗಿ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿದ ದಿನ, ಅಜ್ಜಿ ಅಪ್ಪನ ಬಟ್ಟಲನ್ನು ತೊಳೆದು ಕವುಚಿ ಹಾಕಿದರು. ನನ್ನ ಪಕ್ಕ ಬಂದು ಕೂತರು. ಅಮ್ಮ ಒಲೆಯ ಮುಂದೆ ಇದ್ದಳು.

"ಆ ಹಡಗು ಎಂತಾಯ್ತು ಮಗಾ," ಎಂದರು ಅಜ್ಜಿ. "ಈಗ ಹೇಳು."